ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಚಿಟ್ಟೆ ಲೆಕ್ಕ: ಶುರು ಮಾಡುವವರಿಗೆ

"ಬೆಟ್ಟದಲ್ಲಿ ಮೊದಲಿನಷ್ಟು ಚಿಟ್ಟೆ ಕಾಣ್ತಿಲ್ಲ, ಬಿಸಿಲು ಜಾಸ್ತಿ ಆಗಿದ್ದಕ್ಕಾ?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಬೆಳಗ್ಗೆ ಮೆಟ್ಟಿಲು ಹತ್ತುವವರು ಕೇಳುತ್ತಾರೆ. ಶಾಲೆಯ ಮೇಷ್ಟ್ರುಗಳು ಕೇಳುತ್ತಾರೆ. ಭಾನುವಾರ ಕುಂತಿ ಬೆಟ್ಟಕ್ಕೆ ಹೋಗುವ ಮಂಡ್ಯದ ಹುಡುಗರೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: "ಮೊದಲು ಎಷ್ಟಿತ್ತು ಅಂತ ಬರೆದಿಟ್ಟಿದ್ದೀರಾ?" ಅಲ್ಲಿಗೆ ಮಾತು ನಿಲ್ಲುತ್ತದೆ.

ಹಾಗಾಗಿ ಈ ಸಲ ಬರೆದಿಡುವುದು ಹೇಗೆ ಅನ್ನುವುದನ್ನೇ ಹೇಳುತ್ತೇನೆ. ಇದಕ್ಕೆ ಜೀವಶಾಸ್ತ್ರ ಓದಿರಬೇಕಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ಬೆಳಗ್ಗೆ ಬಿಡುವು ಬೇಕು, ಜೊತೆಗೆ ಒಂದಿಷ್ಟು ಹಠ ಬೇಕು.

ಬೆಟ್ಟವೇ ಯಾಕೆ?

ಎತ್ತರಕ್ಕೆ ಹೋದಂತೆ ಗಾಳಿ ತಂಪಾಗುತ್ತದೆ. ಸಾಮಾನ್ಯವಾಗಿ ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಮೈಸೂರು ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಬೆಟ್ಟದ ತಲೆ ಸಾವಿರ ಮೀಟರ್ ದಾಟುತ್ತದೆ. ನಡುವೆ 300 ಮೀಟರ್ ಆಸುಪಾಸು ಅಂತರ ಅಂದುಕೊಳ್ಳಿ. ಅಂದರೆ ಪಾದಕ್ಕೂ ತುದಿಗೂ ಎರಡು ಡಿಗ್ರಿಯಷ್ಟು ವ್ಯತ್ಯಾಸ. ಒಂದೇ ಬೆಳಗ್ಗೆ, ಒಂದೇ ದಾರಿಯಲ್ಲಿ, ಎರಡು ಬೇರೆ ಹವೆ ಸಿಗುತ್ತದೆ.

ಹುಳುಗಳಿಗೆ ಈ ಎರಡು ಡಿಗ್ರಿ ದೊಡ್ಡ ವಿಷಯ. ನಮ್ಮ ಹಾಗೆ ಅವಕ್ಕೆ ಮೈಬಿಸಿ ತಾವೇ ಕಾಯ್ದುಕೊಳ್ಳಲು ಆಗುವುದಿಲ್ಲ. ಹೊರಗಿನ ಬಿಸಿಯೇ ಅವುಗಳ ಬೆಳವಣಿಗೆಯ ಗಡಿಯಾರ. ರೇಷ್ಮೆ ಸಾಕುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಳಿಗಾಲದಲ್ಲಿ ಹುಳು ಹಣ್ಣಾಗುವುದು (ಗೂಡು ಕಟ್ಟಲು ತಯಾರಾಗುವುದು) ತಡ, ಸೊಪ್ಪೂ ಜಾಸ್ತಿ ಬೇಕು. ಬೇಸಿಗೆಯಲ್ಲಿ ಬೇಗ ಜ್ವರಕ್ಕೆ ಕೂತು, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿ, ಬೇಗ ಏಳುತ್ತವೆ. ಆದರೆ ಬಿಸಿ ಮಿತಿ ಮೀರಿದರೆ ಸೊರಗುತ್ತವೆ, ಅದಕ್ಕೇ ಮನೆಗೆ ಒದ್ದೆ ಗೋಣಿತಾಟು ಕಟ್ಟುತ್ತಾರೆ. ವಿಜ್ಞಾನಿಗಳು ಈ ಲೆಕ್ಕಕ್ಕೆ 'ಡಿಗ್ರಿ-ದಿನ' ಅನ್ನುತ್ತಾರೆ. ಒಂದು ಹುಳು ಹತ್ತು ಡಿಗ್ರಿಯ ಮೇಲೆ ಮಾತ್ರ ಬೆಳೆಯುತ್ತದೆ ಅಂತಿಟ್ಟುಕೊಳ್ಳಿ. ದಿನದ ಸರಾಸರಿ 25 ಡಿಗ್ರಿ ಇದ್ದರೆ ಅದಕ್ಕೆ ಆ ದಿನ 15 ಡಿಗ್ರಿ-ದಿನ ಜಮೆ. ಇಂತಿಷ್ಟು ಜಮೆಯಾದ ಮೇಲೆ ರೆಕ್ಕೆ ಬರುತ್ತದೆ. ಬೆಟ್ಟದ ಹುಳುವಿನ ಲೆಕ್ಕವೂ ಇದೇ. ಗೋಣಿತಾಟು ಕಟ್ಟುವವರು ಇಲ್ಲ, ಅಷ್ಟೇ. ಬಿಸಿ ಜಾಸ್ತಿಯಾದರೆ ಅದಕ್ಕೆ ಉಳಿದಿರುವ ದಾರಿ ಮೇಲೆ ಸರಿಯುವುದು.

ಸರಿದಿರುವುದಕ್ಕೆ ಪುರಾವೆ ಇದೆ. ಬೋರ್ನಿಯೋ ದ್ವೀಪದ ಕಿನಬಾಲು ಪರ್ವತದಲ್ಲಿ 1965ರಲ್ಲಿ ಪತಂಗಗಳ ಲೆಕ್ಕ ಮಾಡಿದ್ದರು. 2007ರಲ್ಲಿ ಅದೇ ಜಾಗಗಳಲ್ಲಿ ಮತ್ತೆ ಮಾಡಿದರು. 42 ವರ್ಷದಲ್ಲಿ ನೂರೆರಡು ಜಾತಿಗಳು ಸರಾಸರಿ 67 ಮೀಟರ್ ಮೇಲಕ್ಕೆ ಹೋಗಿದ್ದವು. ಸ್ಪೇನಿನ ಗ್ವಾದರ್ರಾಮ ಬೆಟ್ಟಸಾಲಿನಲ್ಲಿ ಹದಿನಾರು ಜಾತಿಯ ಚಿಟ್ಟೆಗಳ ಕೆಳಗಿನ ಗಡಿ ಮೂವತ್ತು ಚಿಲ್ಲರೆ ವರ್ಷದಲ್ಲಿ ಸರಾಸರಿ 212 ಮೀಟರ್ ಏರಿತ್ತು. ಎರಡೂ ಕಡೆ ಇದು ಗೊತ್ತಾಗಿದ್ದು ಹಿಂದೆ ಯಾರೋ ಬರೆದಿಟ್ಟಿದ್ದರಿಂದ.

67 ಮೀಟರ್ ಅಂದರೆ ನಮ್ಮ ಬೆಟ್ಟದಲ್ಲಿ ಇನ್ನೂರು ಚಿಲ್ಲರೆ ಮೆಟ್ಟಿಲು. ಕಿನಬಾಲು ನಾಲ್ಕು ಸಾವಿರ ಮೀಟರ್ ದಾಟಿದ ಪರ್ವತ, ಅಲ್ಲಿ ಮೇಲೆ ಇನ್ನೂ ಜಾಗವಿದೆ. ಚಾಮುಂಡಿ ಬೆಟ್ಟದಲ್ಲಿ ಮೇಲೆ ಹೋಗುತ್ತಾ ಹೋದರೆ ಕೊನೆಗೆ ಸಿಗುವುದು ಪಾರ್ಕಿಂಗ್ ಕಟ್ಟಡ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದು ಕುರುಚಲು ಕಾಡಿನ ಸಣ್ಣ ಬೆಟ್ಟ. ಇಲ್ಲಿರುವ ಬಹುಪಾಲು ಚಿಟ್ಟೆಗಳು ಬಯಲಿನವೇ. ತಂಪಿಗೇ ಅಂಟಿಕೊಂಡ ಜಾತಿಗಳನ್ನು ನೋಡಬೇಕಾದರೆ ಬಿಳಿಗಿರಿರಂಗನ ಬೆಟ್ಟಕ್ಕೋ ಕೊಡಗಿಗೋ ಹೋಗಬೇಕು. ಆದರೂ ನಾನು ಈ ಬೆಟ್ಟವನ್ನೇ ಹೇಳುವುದಕ್ಕೆ ಕಾರಣ, ಇಲ್ಲಿಗೆ ನೀವು ಹತ್ತು ವರ್ಷ ತಪ್ಪದೆ ಹೋಗಬಲ್ಲಿರಿ. ದೂರದ ಕಾಡಿಗೆ ಎರಡು ಸಲ ಹೋಗಿ ಸುಸ್ತಾಗುತ್ತೀರಿ.

ಏನೇನು ಬೇಕು?

ಗಟ್ಟಿ ರಟ್ಟಿನ ನೋಟ್‌ಬುಕ್ಕು, ಪೆನ್ಸಿಲ್ (ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ), ಸಾಧಾರಣ ಕ್ಯಾಮೆರಾ ಇರುವ ಫೋನು, ಬಿಸಿಯನ್ನೂ ತೇವವನ್ನೂ ತೋರಿಸುವ ಪುಟ್ಟ ಡಿಜಿಟಲ್ ಥರ್ಮಾಮೀಟರು, ಟೋಪಿ, ನೀರು. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಬಲೆ ಬೇಡವೇ ಬೇಡ.

ಅನುಮತಿಯ ವಿಷಯ: ಮೆಟ್ಟಿಲ ಮೇಲೆ ನಡೆಯುತ್ತಾ ನೋಡಿ ಬರೆದುಕೊಳ್ಳುವುದು ಬೇರೆ, ಕಾಡಿನೊಳಗೆ ಇಳಿಯುವುದು ಬೇರೆ. ಮೆಟ್ಟಿಲು ಬಿಟ್ಟು ಒಳಗೆ ಹೋಗುವುದಾದರೆ, ಹುಳು ಹಿಡಿಯುವುದಾದರೆ, ಪತಂಗಗಳನ್ನು ಸೆಳೆಯಲು ರಾತ್ರಿ ಬೆಳಕಿನ ಪರದೆ ಕಟ್ಟುವುದಾದರೆ ಅರಣ್ಯ ಇಲಾಖೆಯ ಅನುಮತಿ ಇರಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಚಿಟ್ಟೆಗಳೂ ಇವೆ. ಬೆಟ್ಟದಲ್ಲಿ ಚಿರತೆಯೂ ಇದೆ, ಮರೆಯಬೇಡಿ. ಈ ಲೇಖನ ಹಗಲಲ್ಲಿ ಮೆಟ್ಟಿಲ ಮೇಲೆ ಮಾಡುವ ಕೆಲಸಕ್ಕೆ ಮಾತ್ರ.

ಹಂತ 1: ಯಾವುದನ್ನು ಎಣಿಸಬೇಕು ಅಂತ ಮೊದಲೇ ತೀರ್ಮಾನ ಮಾಡಿ

"ಎಲ್ಲಾ ಹುಳುಗಳನ್ನೂ ಬರೀತೀವಿ" ಅಂತ ಹೊರಟವರು ಮೂರನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಪ್ರಪಂಚದಲ್ಲಿ ಹೆಸರಿಟ್ಟಿರುವ ಕೀಟಗಳೇ ಹತ್ತು ಲಕ್ಷದ ಹತ್ತಿರ ಇವೆ. ಚಿಟ್ಟೆಯಿಂದ ಶುರು ಮಾಡಿ. ಹಗಲಲ್ಲಿ ಕಾಣುತ್ತವೆ, ಬಣ್ಣದಿಂದ ಗುರುತು ಸಿಗುತ್ತದೆ, ಮರಿಹುಳು ಯಾವ ಗಿಡ ತಿನ್ನುತ್ತದೆ ಅನ್ನುವುದೂ ಗೊತ್ತಿದೆ.

ಮೊದಲ ವರ್ಷಕ್ಕೆ ಹದಿನೈದು ಇಪ್ಪತ್ತು ಜಾತಿ ಸಾಕು. ಎಕ್ಕದ ಗಿಡದ ಪ್ಲೇನ್ ಟೈಗರ್, ಕರಿಬೇವು ನಿಂಬೆಯ ಕಾಮನ್ ಮಾರ್ಮನ್, ಈಶ್ವರಿ ಬಳ್ಳಿಯ ಕ್ರಿಮ್ಸನ್ ರೋಸ್ ಮತ್ತು ಕಾಮನ್ ರೋಸ್, ಮರದ ಮೇಲಿನ ಬಂದಳಿಕೆಯ ಜೆಜೆಬೆಲ್, ಕಕ್ಕೆ ಮರದ ಎಮಿಗ್ರಂಟ್, ಆಲ ಅತ್ತಿ ಕಣಗಿಲೆಯ ಕಾಮನ್ ಕ್ರೋ, ಹೀಗೆ. ಇವಕ್ಕೆ ಕನ್ನಡ ಹೆಸರು ಕೊಡುವ ಪ್ರಯತ್ನ ನಡೆದಿದೆ. ಆದರೆ ಒಬ್ಬೊಬ್ಬರು ಒಂದೊಂದು ಬಳಸುವುದರಿಂದ ನೋಟ್‌ಬುಕ್ಕಿನಲ್ಲಿ ಚಾಲ್ತಿಯಲ್ಲಿರುವ ಇಂಗ್ಲಿಷ್ ಹೆಸರೇ ಇರಲಿ. ಕನ್ನಡದ ಹೆಸರು ನಂಬಿ ಕೆಟ್ಟ ಉದಾಹರಣೆಯೂ ಇದೆ. 'ಜೀರುಂಡೆ' ಅಂದರೆ ಪಠ್ಯಪುಸ್ತಕದಲ್ಲಿ ಗಟ್ಟಿ ರೆಕ್ಕೆಯ ದುಂಬಿ ಜಾತಿ. ನಮ್ಮೂರುಗಳಲ್ಲಿ ಮರದ ಮೇಲೆ ಕೂತು ಜೀರ್ರ್ ಅನ್ನುವುದೂ ಜೀರುಂಡೆಯೇ. ಎರಡಕ್ಕೂ ನಂಟೇ ಇಲ್ಲ.

ಗಿಡಗಳನ್ನೂ ಕಲಿಯಿರಿ. ಈಶ್ವರಿ ಬಳ್ಳಿ ಇರುವುದು ಕೆಳಗಿನ ಭಾಗದಲ್ಲಿ ಮಾತ್ರ ಅಂತಾದರೆ ಕ್ರಿಮ್ಸನ್ ರೋಸ್ ಎಷ್ಟೇ ಸೆಕೆಯಾದರೂ ಮೇಲೆ ಹೋಗಿ ಸಂಸಾರ ಹೂಡುವುದು ಹೇಗೆ?

ಹಂತ 2: ಮೆಟ್ಟಿಲನ್ನು ಐದು ಭಾಗ ಮಾಡಿ

ಈ ಮೆಟ್ಟಿಲು 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಆದದ್ದು. ಅವರೇನೂ ಹುಳು ಎಣಿಸಲಿ ಅಂತ ಕಟ್ಟಿಸಲಿಲ್ಲ. ಆದರೆ ಇದಕ್ಕಿಂತ ಒಳ್ಳೆಯ ಅಳತೆಪಟ್ಟಿ ನಮಗೆ ಸಿಗುವುದಿಲ್ಲ. ಸಾವಿರದೆಂಟು ಅನ್ನುವುದು ವಾಡಿಕೆ. ಇನ್ನೂರು ಮೆಟ್ಟಿಲಿಗೆ ಒಂದು ಭಾಗದಂತೆ ಐದು ಭಾಗ ಮಾಡಿ. ಒಂದೊಂದು ಭಾಗ ಸುಮಾರು 60 ಮೀಟರ್ ಎತ್ತರ ಅಂದುಕೊಳ್ಳಿ. ಪ್ರತಿ ಭಾಗದ ಕೊನೆಗೆ ಅಲುಗದ ಒಂದು ಗುರುತು ಇಟ್ಟುಕೊಳ್ಳಿ: ದೊಡ್ಡ ಬಂಡೆ, ಹಳೇ ಮರ, ಮಂಟಪ. ಬಣ್ಣದ ಗುರುತು ನಂಬಬೇಡಿ, ಅಳಿಸಿಹೋಗುತ್ತದೆ.

ಫೋನು ತೋರಿಸುವ ಎತ್ತರವನ್ನೂ ನಂಬಬೇಡಿ. ನಿಂತ ಜಾಗದಲ್ಲೇ ಅದು ಹತ್ತಿಪ್ಪತ್ತು ಮೀಟರ್ ಅತ್ತಿತ್ತ ತೂಗಾಡುತ್ತದೆ. ಅಷ್ಟು ತಪ್ಪಿದರೆ ಒಂದು ಭಾಗದ ಮೂರನೇ ಒಂದು ಪಾಲು ಹೋಯಿತು.

ನಂದಿಯ ಹತ್ತಿರ ಮೆಟ್ಟಿಲಿಗೆ ರಸ್ತೆ ಸೇರುತ್ತದೆ. ಅಲ್ಲಿ ಹೂವು, ಬಾಳೆಹಣ್ಣಿನ ಸಿಪ್ಪೆ, ಪ್ರಸಾದ ಎಲ್ಲ ಬಿದ್ದಿರುತ್ತದೆ. ಕೊಳೆತ ಹಣ್ಣಿಗೆ ಬರುವ ಚಿಟ್ಟೆಗಳು ಅಲ್ಲಿ ಗುಂಪುಗೂಡಬಹುದು. ಆ ಜಾಗದ ಲೆಕ್ಕ ಬೇರೆ ಸಾಲಿನಲ್ಲಿ ಬರೆಯಿರಿ, ಭಾಗದ ಲೆಕ್ಕಕ್ಕೆ ಸೇರಿಸಬೇಡಿ.

ಹಂತ 3: ದಿನ ಮತ್ತು ಹೊತ್ತು

ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ ಒಂಬತ್ತರಿಂದ ಹನ್ನೊಂದು. ತೀರಾ ಬೇಗ ಹೋದರೆ ಚಿಟ್ಟೆಗಳು ಇನ್ನೂ ಮೈ ಕಾಯಿಸಿಕೊಳ್ಳುತ್ತಿರುತ್ತವೆ. ತಡವಾದರೆ ಬೇಸಿಗೆಯಲ್ಲಿ ನೆರಳು ಸೇರುತ್ತವೆ, ನೀವೂ ಸೇರುತ್ತೀರಿ. ಮಳೆ ಹನಿಯುತ್ತಿದ್ದರೆ ಎಣಿಕೆ ಬೇಡ, ಮಾರನೇ ದಿನ ಹೋಗಿ.

ಆಷಾಢ ಶುಕ್ರವಾರ, ಅಮ್ಮನವರ ವರ್ಧಂತಿ, ದಸರಾ ರಜೆ, ಈ ದಿನಗಳಲ್ಲಿ ಹೋಗಬೇಡಿ. ಜನಸಂದಣಿಯಲ್ಲಿ ಚಿಟ್ಟೆ ಹೆದರುತ್ತದೆ ಅನ್ನುವುದಷ್ಟೇ ಅಲ್ಲ. ಹರಕೆ ಹೊತ್ತು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬರುವವರ ನಡುವೆ ನೋಟ್‌ಬುಕ್ಕು ಹಿಡಿದು ನಿಲ್ಲುವುದು ಚೆನ್ನಾಗಿರುವುದಿಲ್ಲ. ಇನ್ನು ಆಷಾಢದ ಗಾಳಿ. ಆ ತಿಂಗಳು ಲೆಕ್ಕ ತಾನೇ ತಾನಾಗಿ ಕಡಿಮೆ ಬರುತ್ತದೆ. ಗಾಳಿಗೆ ಎಲೆ ಮಾತ್ರ ಅಲ್ಲಾಡುತ್ತಿತ್ತೋ, ಕೊಂಬೆಯೂ ಅಲ್ಲಾಡುತ್ತಿತ್ತೋ ಅಂತ ಒಂದು ಸಾಲು ಬರೆಯಿರಿ. ಕೊಂಬೆ ಜೋರಾಗಿ ತೂಗುತ್ತಿದ್ದರೆ ವಾಪಸ್ ಬನ್ನಿ.

ಹಂತ 4: ನಡೆಯುವ ಕ್ರಮ

ಇದು ಬ್ರಿಟನ್ನಿನ ಅರ್ನಿ ಪೊಲ್ಲಾರ್ಡ್ 1970ರ ದಶಕದಲ್ಲಿ ರೂಢಿಗೆ ತಂದ ಕ್ರಮ. ಅವರ ಹೆಸರಿನಿಂದಲೇ 'ಪೊಲ್ಲಾರ್ಡ್ ನಡಿಗೆ' ಅನ್ನುತ್ತಾರೆ. ಬ್ರಿಟನ್ನಿನಲ್ಲಿ 1976ರಿಂದ ಇದೇ ರೀತಿ ಎಣಿಸುತ್ತಾ ಬಂದಿದ್ದಾರೆ. ನಿಮ್ಮ ಸುತ್ತ ಒಂದು ಕಾಣದ ಪೆಟ್ಟಿಗೆ ಇದೆ ಅಂದುಕೊಳ್ಳಿ. ಎಡಕ್ಕೆ ಎರಡೂವರೆ ಮೀಟರ್, ಬಲಕ್ಕೆ ಎರಡೂವರೆ, ಮುಂದಕ್ಕೆ ಐದು, ಮೇಲಕ್ಕೆ ಐದು. ಪೆಟ್ಟಿಗೆಯೊಳಗೆ ಬಂದ ಚಿಟ್ಟೆ ಲೆಕ್ಕಕ್ಕೆ, ಹೊರಗಿನದು ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ಒಂದೇ ವೇಗದಲ್ಲಿ ನಿಧಾನವಾಗಿ ಹತ್ತಿ. ಹಿಂದಕ್ಕೆ ನೋಡಿ ಎಣಿಸಬೇಡಿ, ಆಗಲೇ ಎಣಿಸಿದ್ದು ಹಿಂದಿನಿಂದ ಹಾರಿ ಮತ್ತೆ ಮುಂದೆ ಬಂದಿರಬಹುದು.

ಸುಸ್ತಾದರೆ ಕೂರಬಹುದು. ಕೂತಾಗ ಎಣಿಕೆ ನಿಲ್ಲಿಸಿ. ಫೋಟೋ ತೆಗೆಯಲು ನಿಂತಾಗಲೂ ಅಷ್ಟೇ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಲಂಟಾನ ಪೊದೆಯ ಮುಂದೆ ಇಪ್ಪತ್ತು ನಿಮಿಷ ನಿಂತು ಬಂದದ್ದನ್ನೆಲ್ಲ ಬರೆದರೆ ಅದು ಪೊದೆಯ ಲೆಕ್ಕ, ಬೆಟ್ಟದ ಲೆಕ್ಕ ಅಲ್ಲ.

ಸಾಧ್ಯವಾದರೆ ಇಬ್ಬರು ಹೋಗಿ. ಒಬ್ಬರು ನೋಡುವುದು, ಒಬ್ಬರು ಬರೆಯುವುದು. ಇಬ್ಬರೂ ನೋಡಿದರೆ ಲೆಕ್ಕ ಜಾಸ್ತಿಯಾಗುತ್ತದೆ. ಮುಂದಿನ ವರ್ಷ ಒಬ್ಬರೇ ಹೋದರೆ ಚಿಟ್ಟೆ ಕಡಿಮೆಯಾಯಿತು ಅಂತ ಸುಮ್ನೆ ಗಾಬರಿ.

ಹಂತ 5: ಸೊನ್ನೆಯನ್ನೂ ಬರೆಯಿರಿ

ನನ್ನ ಮೊದಲ ವರ್ಷದ ನೋಟ್‌ಬುಕ್ಕು ಕೆಲಸಕ್ಕೆ ಬಾರದೆ ಹೋಗಿದ್ದು ಇದರಿಂದಲೇ. ಚಿಟ್ಟೆ ಸಿಗದ ಭಾಗಗಳನ್ನು ಖಾಲಿ ಬಿಟ್ಟಿದ್ದೆ. ವರ್ಷ ಕಳೆದು ನೋಡಿದರೆ ಆ ದಿನ ಅಲ್ಲಿ ಚಿಟ್ಟೆ ಇರಲಿಲ್ಲವೋ, ನಾನು ಅಲ್ಲಿಗೆ ಹೋಗಿರಲಿಲ್ಲವೋ ಗೊತ್ತಾಗಲಿಲ್ಲ. ಎಡಗಡೆ ಜಾತಿಗಳ ಹೆಸರು, ಅಡ್ಡಕ್ಕೆ ಐದು ಭಾಗ, ಪ್ರತಿ ಮನೆಯಲ್ಲೂ ಒಂದು ಅಂಕಿ. ಇಲ್ಲದಿದ್ದರೆ 0. ಹೋಗದಿದ್ದರೆ ಅಡ್ಡಗೆರೆ.

ಪುಟದ ಮೇಲೆ ತಾರೀಕು, ಶುರುವಾದ ಹೊತ್ತು, ಮುಗಿದ ಹೊತ್ತು, ಮೋಡ, ಗಾಳಿ, ಹಿಂದಿನ ವಾರ ಬಂದ ಮಳೆ. ಮಳೆಗೆ ನಮ್ಮ ನಕ್ಷತ್ರದ ಹೆಸರನ್ನೂ ಸೇರಿಸಿ: ಭರಣಿ, ಕೃತ್ತಿಕೆ, ರೋಹಿಣಿ. ಊರಿನ ಹಿರಿಯರ ಹತ್ತಿರ ಕೂತು ಹಳೆಯದನ್ನು ಕೆದಕುವಾಗ ಇದು ತುಂಬಾ ಅನುಕೂಲ. ಅವರಿಗೆ ಮೇ ಹತ್ತು ನೆನಪಿರುವುದಿಲ್ಲ, "ಭರಣಿ ಮಳೆ ಹುಯ್ದ ಸಂಜೆ ಈಸಲು (ರೆಕ್ಕೆ ಬಂದ ಗೆದ್ದಲು) ಎದ್ದಿತ್ತು" ಅನ್ನುವುದು ನೆನಪಿರುತ್ತದೆ.

ಬೆಂಕಿ ಬಿದ್ದಿದ್ದರೆ, ಲಂಟಾನ ಕಡಿದಿದ್ದರೆ, ಹೊಸ ದೀಪದ ಕಂಬ ಬಂದಿದ್ದರೆ ಅದನ್ನೂ ಬರೆಯಿರಿ. ಬೇಸಿಗೆಯ ಬೆಂಕಿಯಲ್ಲಿ ಸುಟ್ಟ ಗಿಡದ ಮೇಲಿನ ಮೊಟ್ಟೆ, ಮರಿಹುಳು ಎಲ್ಲಾ ಹೋಗುತ್ತವೆ. ಅದನ್ನು ತಂದು ಹವಾಮಾನದ ಲೆಕ್ಕಕ್ಕೆ ಹಾಕಬಾರದಲ್ಲ.

ಹಂತ 6: ಬಿಸಿ ಅಳೆಯುವುದು

ಫೋನಿನ ಹವಾಮಾನ ಆ್ಯಪ್ ತೋರಿಸುವುದು ಇಡೀ ಊರಿನ ಅಂದಾಜು. ನೀವು ನಿಂತ ಮೆಟ್ಟಿಲಿನದ್ದಲ್ಲ. ಥರ್ಮಾಮೀಟರನ್ನು ನೆರಳಿನಲ್ಲಿ, ಎದೆಯೆತ್ತರದಲ್ಲಿ, ಬಂಡೆಗೆ ತಾಗದ ಹಾಗೆ ಹಿಡಿದು ಐದು ನಿಮಿಷ ಬಿಟ್ಟು ಓದಿ. ಬಿಸಿಲಿಗೆ ಹಿಡಿದರೆ ಅದು ತನ್ನ ಪ್ಲಾಸ್ಟಿಕ್ಕಿನ ಬಿಸಿ ಹೇಳುತ್ತದೆ.

ಇಲ್ಲೊಂದು ಮೋಸ ಇದೆ, ಸುಮಾರು ಜನಕ್ಕೆ ಹೊಳೆಯುವುದಿಲ್ಲ. ಒಂಬತ್ತಕ್ಕೆ ಪಾದದಲ್ಲಿ ಅಳೆದು ಹತ್ತೂವರೆಗೆ ತುದಿಯಲ್ಲಿ ಅಳೆದರೆ ತುದಿಯೇ ಬೆಚ್ಚಗಿದೆ ಅನ್ನಿಸಬಹುದು. ಎತ್ತರದಿಂದ ಇಳಿದ ಎರಡು ಡಿಗ್ರಿಯನ್ನು ಏರಿದ ಬಿಸಿಲು ನುಂಗಿಹಾಕಿರುತ್ತದೆ. ಚಿಟ್ಟೆ ಲೆಕ್ಕಕ್ಕೂ ಇದೇ ಪೆಟ್ಟು. ಕೆಳಗೆ ಯಾವಾಗಲೂ ಬೇಗ, ಮೇಲೆ ಯಾವಾಗಲೂ ತಡ. ಪರಿಹಾರ ಸುಲಭ. ಒಂದು ಸಲ ಹತ್ತುತ್ತಾ ಎಣಿಸಿ, ಮುಂದಿನ ಸಲ ಬಸ್ಸಿನಲ್ಲಿ ಮೇಲೆ ಹೋಗಿ ಇಳಿಯುತ್ತಾ ಎಣಿಸಿ. ಯಾವ ದಿನ ಯಾವುದು ಅಂತ ಬರೆದಿಡಿ. ಮಂಡಿನೋವಿನವರಿಗೆ ಇಳಿಯುವುದೇ ಕಷ್ಟ, ಅಂಥವರು ಬೇರೆಯವರ ಜೊತೆ ಪಾಳಿ ಹಂಚಿಕೊಳ್ಳಿ.

ಹಂತ 7: ಗುರುತಿಸುವಾಗ ಮೋಸಹೋಗುವ ಕಡೆಗಳು

ಕಾಮನ್ ಮಾರ್ಮನ್ ಹೆಣ್ಣು ಕಾಮನ್ ರೋಸ್ ಅಥವಾ ಕ್ರಿಮ್ಸನ್ ರೋಸ್ ವೇಷ ಹಾಕುತ್ತದೆ. ರೋಸ್‌ಗಳ ಮೈಯಲ್ಲಿ ವಿಷ ಇರುವುದರಿಂದ ಹಕ್ಕಿ ಮುಟ್ಟುವುದಿಲ್ಲ. ಆ ಹೆದರಿಕೆಯನ್ನು ಮಾರ್ಮನ್ ಸಾಲ ಪಡೆಯುತ್ತದೆ. ರೆಕ್ಕೆ ಬಿಟ್ಟು ಮೈ ನೋಡಿ. ರೋಸ್ ಆದರೆ ಮೈ ಕೆಂಪು, ಮಾರ್ಮನ್ ಆದರೆ ಕಪ್ಪು. ಹಾಗೇ ಡನೈಡ್ ಎಗ್‌ಫ್ಲೈ ಹೆಣ್ಣು ಪ್ಲೇನ್ ಟೈಗರ್ ವೇಷದಲ್ಲಿ ಬರುತ್ತದೆ. ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ ಮೂರ್ನಾಲ್ಕು ಕಪ್ಪು ಚುಕ್ಕೆ ಇರುತ್ತದೆ.

ಈವನಿಂಗ್ ಬ್ರೌನ್ ಮಳೆಗಾಲದಲ್ಲಿ ಕಣ್ಣಿನ ಚಿತ್ರ ಬಿಡಿಸಿಕೊಂಡಿರುತ್ತದೆ, ಒಣ ದಿನಗಳಲ್ಲಿ ತರಗೆಲೆಯ ಹಾಗಿರುತ್ತದೆ. ಎರಡು ಜಾತಿ ಅಂತ ಬರೆದವರು ಬಹಳ ಮಂದಿ. ಹಳದಿ ಗ್ರಾಸ್ ಯೆಲ್ಲೋಗಳಲ್ಲಿ ಜಾತಿ ಹೇಳುವುದು ಕಷ್ಟ. 'ಗ್ರಾಸ್ ಯೆಲ್ಲೋ ಗುಂಪು' ಅಂತ ಬರೆದರೆ ಸಾಕು. ಊಹೆಯ ಹೆಸರಿಗಿಂತ ಗುಂಪಿನ ಹೆಸರೇ ಮೇಲು.

ಫೋಟೋ ತೆಗೆದರೆ ರೆಕ್ಕೆ ಬಿಚ್ಚಿದ್ದು, ಮಡಚಿದ್ದು ಎರಡೂ ಇರಲಿ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನುವ ಜಾಲತಾಣಕ್ಕೆ ಹಾಕಿದರೆ ತಿಳಿದವರು ನೋಡಿ ಸರಿಪಡಿಸುತ್ತಾರೆ. ಆ್ಯಪ್ ತಾನಾಗಿ ಸೂಚಿಸುವ ಹೆಸರನ್ನು ಮಾತ್ರ ಕಣ್ಣುಮುಚ್ಚಿ ಒತ್ತಬೇಡಿ. ಸೆಪ್ಟೆಂಬರಿನಲ್ಲಿ ದೇಶದಾದ್ಯಂತ 'ಬಿಗ್ ಬಟರ್‌ಫ್ಲೈ ಮಂತ್' ನಡೆಯುತ್ತದೆ, ಕಲಿಯಲು ಒಳ್ಳೆಯ ಹೊತ್ತು.

ಹಂತ 8: ಹೆಜ್ಜೇನಿನ ಎಚ್ಚರಿಕೆ

ಬಂಡೆ, ಎತ್ತರದ ಮರಗಳಲ್ಲಿ ಹೆಜ್ಜೇನು ಕಟ್ಟಿರಬಹುದು. ಸೆಂಟು ಹಾಕಿಕೊಂಡು ಹೋಗಬೇಡಿ, ಹೊಗೆ ಬೇಡ, ಕಲ್ಲು ಬೇಡ. ದೂರದಿಂದಲೇ ಎಷ್ಟು ಹುಟ್ಟು ಇದೆ ಅಂತ ಎಣಿಸಿ ಬರೆಯಿರಿ, ಅದೂ ಬೆಲೆಬಾಳುವ ಮಾಹಿತಿಯೇ. ಎದ್ದು ಬಂದರೆ ಕೈ ಬೀಸಬೇಡಿ. ಮುಖ ಮುಚ್ಚಿಕೊಂಡು ದೂರ ಹೋಗಿ, ಕಟ್ಟಡವೋ ವಾಹನವೋ ಸಿಕ್ಕರೆ ಒಳಗೆ ಸೇರಿ ಬಾಗಿಲು ಹಾಕಿ. ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳು ಇದನ್ನು ಕೆಳಗೇ ಹೇಳಿ ಹತ್ತಿಸಿ.

ಹಂತ 9: ವರ್ಷದ ಕೊನೆಗೆ ಲೆಕ್ಕ

ಒಂದೊಂದು ಜಾತಿಗೂ ಅದರ 'ಸರಾಸರಿ ಮೆಟ್ಟಿಲು' ಕಂಡುಹಿಡಿಯುವುದು. ಐದು ಭಾಗಗಳ ನಡುಮೆಟ್ಟಿಲು 100, 300, 500, 700, 900 ಅಂತ ಇಟ್ಟುಕೊಳ್ಳಿ. ಒಂದು ಜಾತಿಯ ಚಿಟ್ಟೆ ಮೊದಲ ಭಾಗದಲ್ಲಿ ಆರು, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಒಂದು ಸಿಕ್ಕಿತು ಅನ್ನೋಣ. ಆರು ನೂರು, ಮೂರು ಮುನ್ನೂರು ಅಂದರೆ ಒಂಬೈನೂರು, ಒಂದು ಐನೂರು, ಒಟ್ಟು 2,000. ಹತ್ತು ಚಿಟ್ಟೆಗೆ ಭಾಗಿಸಿದರೆ 200. ಆ ಜಾತಿಯ ಸರಾಸರಿ ಮೆಟ್ಟಿಲು 200. ಮುಂದಿನ ವರ್ಷ ಅದೇ ತಿಂಗಳುಗಳ ಲೆಕ್ಕದ ಜೊತೆ ಹೋಲಿಸಿ. ಮೇ ತಿಂಗಳನ್ನು ಅಕ್ಟೋಬರ್ ಜೊತೆ ಹೋಲಿಸಬೇಡಿ.

ಈ ಅಂಕಿಯನ್ನು ಕೆಡಿಸುವವು ಎರಡಿವೆ. ಮೊದಲನೆಯದು ತುದಿಯ ಗುಂಪು. ಕೆಲವು ಜಾತಿಯ ಗಂಡುಗಳು ಹೆಣ್ಣು ಹುಡುಕಲು ಬೆಟ್ಟದ ನೆತ್ತಿಗೇ ಬಂದು ಕಾಯುತ್ತವೆ. ತುದಿಯ ಭಾಗದಲ್ಲಿ ಒಂದೇ ಜಾತಿ ಸುತ್ತು ಹೊಡೆಯುತ್ತಾ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದರೆ ಪಕ್ಕದಲ್ಲಿ ಗುರುತು ಹಾಕಿ. ಅದು ಬಿಸಿಗೆ ಮೇಲೆ ಬಂದಿದ್ದಲ್ಲ, ಮದುವೆಗೆ ಬಂದಿದ್ದು.

ಎರಡನೆಯದು ವಲಸೆ. ಬ್ಲೂ ಟೈಗರ್, ಕ್ರೋ ಜಾತಿಗಳು ಮುಂಗಾರಿಗೆ ಮೊದಲು ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿಗೆ ಸಾಗುತ್ತವೆ, ಅಕ್ಟೋಬರ್ ನವೆಂಬರ್ ಹೊತ್ತಿಗೆ ವಾಪಸ್ ಬರುತ್ತವೆ. ಆ ದಿನಗಳಲ್ಲಿ ನೂರಾರು ಒಟ್ಟಿಗೆ ಹಾದುಹೋಗಬಹುದು. ಅವು ಬೆಟ್ಟದ ನಿವಾಸಿಗಳಲ್ಲ, ನೆಂಟರು. ಯಾವ ದಿಕ್ಕಿಗೆ ಹಾರುತ್ತಿದ್ದವು ಅಂತ ಬರೆದು ಲೆಕ್ಕ ಪ್ರತ್ಯೇಕ ಇಡಿ.

ಎರಡು ವರ್ಷದ ಅಂಕಿ ಹಿಡಿದು "ಹವಾಮಾನ ಬದಲಾವಣೆಯಿಂದ ಹೀಗಾಗಿದೆ" ಅಂತ ಎಲ್ಲೂ ಬರೆಯಬೇಡಿ. ಒಂದು ವರ್ಷ ಮಳೆ ಕೈಕೊಟ್ಟರೆ ಚಿಟ್ಟೆ ಕಡಿಮೆ, ಮರುವರ್ಷ ಚೆನ್ನಾಗಿ ಬಂದರೆ ಜಾಸ್ತಿ. ಹವಾಮಾನದವರು ಒಂದು ಊರಿನ ಸರಾಸರಿ ಹೇಳಲು 30 ವರ್ಷದ ಅಂಕಿ ತೆಗೆದುಕೊಳ್ಳುತ್ತಾರೆ. ನಮಗೆ ಅಷ್ಟು ಬೇಕಿಲ್ಲ, ಆದರೆ ಐದಾರು ವರ್ಷಕ್ಕೆ ಮೊದಲು ನಾನಂತೂ ಬಾಯಿ ಬಿಡುವುದಿಲ್ಲ.

ಮಂಡ್ಯ ಕಡೆಯವರಿಗೆ

ಕರಿಘಟ್ಟದಲ್ಲಿ ಮೆಟ್ಟಿಲಿದೆ, ಇದೇ ಕ್ರಮ ನಡೆಯುತ್ತದೆ. ಬೆಟ್ಟ ಚಿಕ್ಕದು, ಮೂರು ಭಾಗ ಸಾಕು. ಕುಂತಿ ಬೆಟ್ಟದಲ್ಲಿ ಬಂಡೆ ಹತ್ತುತ್ತಾ ಪೆಟ್ಟಿಗೆ ಲೆಕ್ಕ ಹಿಡಿಯುವುದು ಅಪಾಯ, ಕಣ್ಣು ಕಾಲಿನ ಮೇಲಿರಬೇಕು. ಅಲ್ಲಿ ಕೆಳಗೆ, ನಡುವೆ, ಮೇಲೆ ಮೂರು ಜಾಗ ಗೊತ್ತುಮಾಡಿ ಒಂದೊಂದರಲ್ಲೂ ಹತ್ತು ನಿಮಿಷ ನಿಂತು ಎಣಿಸಿ. ಮೇಲುಕೋಟೆಯಲ್ಲಿ ದೇವಸ್ಥಾನದ ಮೆಟ್ಟಿಲ ಮೇಲೆ ಎಣಿಸಬಹುದು. ಅಭಯಾರಣ್ಯದ ಒಳಗೆ ಹೋಗುವುದಾದರೆ ಅನುಮತಿ ಕೇಳಿಯೇ ಹೋಗಿ.

ಶುರು ಮಾಡಲು ಏಪ್ರಿಲ್ ಒಳ್ಳೆಯದು. ಮೈಸೂರಿಗೆ ಮಳೆ ಜಾಸ್ತಿ ಬರುವುದು ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್ ಅಕ್ಟೋಬರಿನಲ್ಲೊಮ್ಮೆ. ಮಳೆಗೆ ಮೊದಲು ಒಂದೆರಡು ಸಲ ಹೋಗಿ ಭಾಗ ಗುರುತಿಸಿ, ಗಿಡ ನೋಡಿಕೊಂಡು ಬಂದರೆ ಮೇ ಮಳೆ ಬಿದ್ದು ಚಿಟ್ಟೆ ಏಳುವ ಹೊತ್ತಿಗೆ ಕೈ ಪಳಗಿರುತ್ತದೆ. ಆ ಏಪ್ರಿಲ್ ಪುಟಗಳಲ್ಲಿ ಸೊನ್ನೆಗಳೇ ತುಂಬಿರುತ್ತವೆ. ಹರಿದು ಹಾಕಬೇಡಿ.